ಓದುಗರ ಪ್ರಶ್ನೆ, ನಮ್ಮ ಉತ್ತರ: ಟಿಮೊತಿ ಶಾಲಮೆಯ ಅಳು, ಹಾಡು, ಮೌನ

ನ್ಯೂಯಾರ್ಕಿನಲ್ಲಿ 1995ರ ಡಿಸೆಂಬರ್ 27ರಂದು ಹುಟ್ಟಿದ ಟಿಮೊತಿ ಶಾಲಮೆ, ಮೂವತ್ತು ತುಂಬುವ ಮೊದಲೇ ಎರಡು ಸಲ ಆಸ್ಕರ್‌ನ ‘ಅತ್ಯುತ್ತಮ ನಟ’ ಪಟ್ಟಿ ಸೇರಿದವನು. ಈ ಸಲ ಆಯ್ದುಕೊಂಡಿರುವ ಪ್ರಶ್ನೆಗಳೆಲ್ಲ ಆತನ ಗಂಭೀರ ಪಾತ್ರಗಳ ಬಗ್ಗೆ. ಬಟ್ಟೆಬರೆ, ಗೆಳತಿ, ಸಂಭಾವನೆಯ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇವೆ. ಅವಕ್ಕೆ ಉತ್ತರಿಸುವವರು ಬೇಕಾದಷ್ಟು ಮಂದಿ ಇದ್ದಾರೆ.

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆಂದು ‘ಡ್ಯೂನ್’ ನೋಡಿದೆ. ಮರಳು, ಯಂತ್ರ, ದೈತ್ಯ ಹುಳು ಕಂಡವು, ನಟನೆ ಕಾಣಲಿಲ್ಲ. ಈತನ ಚಿತ್ರಗಳನ್ನು ಎಲ್ಲಿಂದ ಶುರು ಮಾಡಬೇಕು?

ಉತ್ತರ: ‘ಡ್ಯೂನ್’ನಿಂದ ಶುರು ಮಾಡಿದವರು ಹೀಗೆ ಹೇಳುವುದು ಸಹಜ. ಅಲ್ಲಿ ಪಾತ್ರಕ್ಕಿಂತ ಲೋಕ ದೊಡ್ಡದು. ಮೊದಲು 2017ರ ‘ಕಾಲ್ ಮಿ ಬೈ ಯುವರ್ ನೇಮ್’ ನೋಡಿ, ಆಮೇಲೆ 2018ರ ‘ಬ್ಯೂಟಿಫುಲ್ ಬಾಯ್’. ಒಂದರಲ್ಲಿ ಮನಸ್ಸನ್ನು ಬಚ್ಚಿಡುವ ಹುಡುಗ, ಇನ್ನೊಂದರಲ್ಲಿ ಬಾಯಿ ತೆರೆದರೆ ಸುಳ್ಳಾಡುವ ಹುಡುಗ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಆತನ ವ್ಯಾಪ್ತಿ ತಿಳಿಯುತ್ತದೆ. ಮೂರನೆಯದಾಗಿ 2024ರ ‘ಎ ಕಂಪ್ಲೀಟ್ ಅನ್‌ನೋನ್’, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಆಗಿ ನಟಿಸಿದ್ದು. ಅದಾದ ಮೇಲೆ ಮರಳಿಗೆ ವಾಪಸ್ ಹೋಗಿ.

ಹೋದಾಗ 2021ರ ಮೊದಲ ಭಾಗದಲ್ಲಿ ಪೆಟ್ಟಿಗೆಯೊಳಗೆ ಕೈ ಇಡುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕೊರಳ ಬಳಿ ವಿಷದ ಸೂಜಿ, ಕೈ ತೆಗೆದರೆ ಸಾವು. ಪೆಟ್ಟಿಗೆಯ ಒಳಗೆ ಏನಾಗುತ್ತಿದೆ ಎಂಬುದನ್ನು ನಾವು ಆತನ ಮುಖದಲ್ಲೇ ಓದಿಕೊಳ್ಳಬೇಕು. ಎದುರಿಗೆ ಕೂತ ಶಾರ್ಲಟ್ ರ‍್ಯಾಂಪ್ಲಿಂಗ್ ಅವರ ಮುಖವಂತೂ ಜಾಲರಿಯ ಮುಸುಕಿನ ಹಿಂದಿದೆ. ಬಾಗಿಲಾಚೆ ತಾಯಿಯ ಪಾತ್ರದ ರೆಬೆಕಾ ಫರ್ಗುಸನ್ ಭಯ ನೀಗುವ ಮಂತ್ರ ಜಪಿಸುತ್ತಾ ನಡುಗುತ್ತಿರುತ್ತಾಳೆ. ಮೊದಲು ನೋವು ತಡೆಯುವ ಹುಡುಗನಾಗಿದ್ದವನು ಕೊನೆಗೆ ಎದುರಿಗಿದ್ದವಳನ್ನೇ ದಿಟ್ಟಿಸಿ ನೋಡುವ ಮಟ್ಟಕ್ಕೆ ಬರುತ್ತಾನೆ. ಇಡೀ ಕಥೆಯಲ್ಲಿ ಆತನಿಗೆ ಆಗುವ ಬದಲಾವಣೆ ಆ ಕೆಲವೇ ನಿಮಿಷಗಳಲ್ಲಿ ಅಡಗಿದೆ.

ಪ್ರಶ್ನೆ: ‘ಕಾಲ್ ಮಿ ಬೈ ಯುವರ್ ನೇಮ್’ ಕೊನೆಯಲ್ಲಿ ಬೆಂಕಿಯ ಮುಂದೆ ಕೂತು ಅಳುವ ಶಾಟ್ ಎಷ್ಟು ಹೊತ್ತು ಕತ್ತರಿಸದೆ ನಡೆಯುತ್ತದೆ! ಅಷ್ಟು ಹೊತ್ತು ಅಳುವುದು ಹೇಗೆ ಸಾಧ್ಯ?

ಉತ್ತರ: ನಿಜ, ಮೂರು ನಿಮಿಷಕ್ಕೂ ಮೀರಿದ ಒಂದೇ ಶಾಟ್ ಅದು. ಕ್ಯಾಮೆರಾ ಕದಲುವುದಿಲ್ಲ, ಮಾತಿಲ್ಲ, ಪಕ್ಕದಲ್ಲಿ ತಂತ್ರಜ್ಞರ ಹೆಸರುಗಳು ಬರುತ್ತಿರುತ್ತವೆ. ಹಿಂದೆ ಮಸುಕಾಗಿ ಮನೆಯವರು ಊಟದ ಮೇಜು ಸಿದ್ಧ ಮಾಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಹಿನ್ನೆಲೆಗೆ ಕೇಳುವ ಹಾಡನ್ನೇ ಶಾಲಮೆಯ ಕಿವಿಯೊಳಗಿನ ಪುಟ್ಟ ಇಯರ್‌ಪೀಸಿನಲ್ಲಿ ಹಾಕಲಾಗಿತ್ತು. ಅದರಿಂದ ಎರಡು ಅನುಕೂಲ: ಭಾವಕ್ಕೆ ಒಂದು ಆಸರೆ, ಸಮಯಕ್ಕೆ ಒಂದು ಅಳತೆ. ಯಾವ ಸಾಲಿಗೆ ಎಲ್ಲಿರಬೇಕು ಎಂಬುದು ನಟನಿಗೆ ಕೇಳುತ್ತಲೇ ಇರುತ್ತದೆ, ಗಡಿಯಾರ ಎಣಿಸುವ ಗೊಡವೆಯಿಲ್ಲ.

ಇನ್ನು ‘ಅಷ್ಟು ಹೊತ್ತು ಅಳುವುದು’ ಎಂದಿರಲ್ಲ, ಆತ ಅಷ್ಟು ಹೊತ್ತು ಅಳುವುದೇ ಇಲ್ಲ. ಇನ್ನೊಮ್ಮೆ ನೋಡಿ. ಕಣ್ಣು ತುಂಬುತ್ತದೆ, ತಡೆಯುತ್ತಾನೆ. ಗಂಟಲು ಒಮ್ಮೆ ಏರಿ ಇಳಿಯುತ್ತದೆ. ಏನೋ ನೆನಪಾಗಿ ತುಟಿಯ ತುದಿಯಲ್ಲಿ ನಗುವಿನಂಥದ್ದೊಂದು ಬಂದು ಹೋಗುತ್ತದೆ. ಮತ್ತೆ ಕಣ್ಣೀರು. ಒಂದು ಕ್ಷಣ ನೋಟ ಸೀದಾ ಕ್ಯಾಮೆರಾಕ್ಕೇ ತಗಲುತ್ತದೆ. ಕೊನೆಗೆ ತಾಯಿ ಹೆಸರು ಹಿಡಿದು ಕರೆದಾಗ ತಿರುಗುತ್ತಾನೆ. ನಿಜಜೀವನದಲ್ಲಿ ಅಳು ಬಂದವರು ಅದನ್ನು ನಿಲ್ಲಿಸಲು ಹೆಣಗುತ್ತಾರೆ. ಹೊಸ ನಟರು ಅದನ್ನು ತರಿಸಲು ಹೆಣಗುತ್ತಾರೆ. ಆ ಹೆಣಗಾಟ ಕ್ಲೋಸ್‌ಅಪ್‌ನಲ್ಲಿ ಹಣೆಯ ಗೆರೆಗಳಾಗಿ, ಬಿಗಿದ ಗಲ್ಲವಾಗಿ ಕಂಡುಬಿಡುತ್ತದೆ. ಶಾಲಮೆ ತಡೆಯುವ ಕೆಲಸ ಮಾಡುತ್ತಾನೆ, ಆದ್ದರಿಂದ ಕಣ್ಣೀರು ತಾನಾಗಿ ಬಂದಂತೆ ಕಾಣುತ್ತದೆ.

ಛಾಯಾಗ್ರಾಹಕ ಸಯೊಂಭು ಮುಕ್‌ದೀಪ್ರೊಮ್ ಇಡೀ ಚಿತ್ರವನ್ನು 35 ಮಿಲಿಮೀಟರಿನ ಒಂದೇ ಲೆನ್ಸಿನಲ್ಲಿ ಹಿಡಿದವರು. ಆ ಲೆನ್ಸಿನಲ್ಲಿ ಮುಖ ಚೌಕಟ್ಟು ತುಂಬಬೇಕೆಂದರೆ ಕ್ಯಾಮೆರಾ ನಟನಿಗೆ ತೀರಾ ಹತ್ತಿರ ಬರಬೇಕು. ದೂರದಿಂದ ಟೆಲಿಲೆನ್ಸ್ ಹಾಕಿ ಕದ್ದು ನೋಡುವ ಸೌಲಭ್ಯ ಅಲ್ಲಿರಲಿಲ್ಲ. ಮೂಗಿನ ಮುಂದೆ ಯಂತ್ರ ಇಟ್ಟುಕೊಂಡು ಒಂಟಿಯಾಗಿರುವಂತೆ ಕಾಣುವುದು ಅಳುವುದಕ್ಕಿಂತ ಕಷ್ಟ.

ಪ್ರಶ್ನೆ: ಗ್ಲಿಸರಿನ್ ಬಳಸಿದರೆ ಅದು ನಟನೆಯಲ್ಲವೇ? ಕಿರುಚಿತ್ರ ಮಾಡುತ್ತಿದ್ದೇವೆ, ನಮ್ಮ ನಾಯಕನಿಗೆ ಕಣ್ಣೀರು ಬರುತ್ತಿಲ್ಲ.

ಉತ್ತರ: ಬಳಸಿ, ಸಂಕೋಚ ಬೇಡ. ಏಳನೇ ಟೇಕ್‌ಗೆ ಯಾರ ಕಣ್ಣೂ ಒಣಗಿರುತ್ತದೆ. ಆದರೆ ಯಾವುದನ್ನು ಎಲ್ಲಿ ಹಚ್ಚಬೇಕು ಎಂದು ತಿಳಿದಿರಲಿ. ಗ್ಲಿಸರಿನ್ ಕಣ್ಣೊಳಗೆ ಹಾಕುವ ವಸ್ತುವಲ್ಲ. ಹನಿ ಕೆನ್ನೆಯ ಮೇಲೆ ನಿಲ್ಲಬೇಕು ಅಥವಾ ನಿಧಾನ ಇಳಿಯಬೇಕು ಎಂದಾಗ ಕಣ್ಣಿನ ಹೊರತುದಿಯ ಕೆಳಗಿನ ಚರ್ಮಕ್ಕೆ ಕಡ್ಡಿಯ ತುದಿಯಿಂದ ಒಂದು ಹನಿ ಇಡುತ್ತಾರೆ. ನೀರಿಗಿಂತ ದಪ್ಪ, ಬೇಗ ಆರುವುದಿಲ್ಲ. ಕಣ್ಣು ಕೆಂಪಾಗಿ ನೀರೂರಬೇಕು ಎಂದರೆ ಮೆಂಥಾಲ್ ಕಡ್ಡಿ ಬೇಕು. ಕೆಳರೆಪ್ಪೆಯಿಂದ ಒಂದು ಸೆಂಟಿಮೀಟರ್ ಕೆಳಗೆ, ತೆಳುವಾಗಿ. ಆವಿ ಮೇಲೇರಿ ಕಣ್ಣು ತಾನಾಗಿ ತುಂಬುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಸಿ, ಹಚ್ಚಿದ ಕೈಯಲ್ಲಿ ಕಣ್ಣು ಮುಟ್ಟಲು ಬಿಡಬೇಡಿ.

ಹೆಚ್ಚಾಗಿ ಕೆಡುವುದು ಮುಂದಿನ ಶಾಟ್‌ನಲ್ಲಿ. ಮೊದಲ ಶಾಟ್‌ನಲ್ಲಿ ಎಡಗೆನ್ನೆಯ ಮೇಲೆ ಹನಿ, ಕೋನ ಬದಲಾಯಿಸಿದಾಗ ಒಣಗಿದ ಕೆನ್ನೆ. ಪ್ರತಿ ಟೇಕ್ ಮುಗಿದ ತಕ್ಷಣ ಮುಖದ ಫೋಟೊ ತೆಗೆದಿಡಿ. ಹನಿ ಎಲ್ಲಿ ನಿಂತಿತ್ತು, ಮೂಗು ಎಷ್ಟು ಕೆಂಪಾಗಿತ್ತು ಎಂಬುದು ಅದರಲ್ಲಿ ಸಿಗುತ್ತದೆ. ಮತ್ತು ಅಳುವ ದೃಶ್ಯದ ಕ್ಲೋಸ್‌ಅಪ್ ಮೊದಲು ತೆಗೆಯಿರಿ, ದೂರದ ಶಾಟ್ ಆಮೇಲೆ. ದೂರದಲ್ಲಿ ಬೆನ್ನು, ಭುಜ ಅತ್ತರೂ ಸಾಕು.

ಪ್ರಶ್ನೆ: ‘ಬ್ಯೂಟಿಫುಲ್ ಬಾಯ್’ಗಾಗಿ ತೂಕ ಇಳಿಸಿಕೊಂಡಿದ್ದನಂತೆ. ನಾನೂ ನಾಟಕದಲ್ಲಿ ವ್ಯಸನಿಯ ಪಾತ್ರ ಮಾಡುತ್ತಿದ್ದೇನೆ. ಊಟ ಬಿಟ್ಟರೆ ಪಾತ್ರ ಬರುತ್ತದೆಯೇ?

ಉತ್ತರ: ಊಟ ಬಿಟ್ಟರೆ ಬರುವುದು ತಲೆಸುತ್ತು. ಮಾತು ಮರೆಯುತ್ತದೆ, ಸಿಡುಕು ಹೆಚ್ಚುತ್ತದೆ, ಸಹನಟರು ದೂರವಾಗುತ್ತಾರೆ. ಆತ ತೂಕ ಇಳಿಸಿದ್ದು ಹೌದು. ಆದರೆ ಮೊದಲೇ ತೆಳ್ಳಗಿದ್ದವನು, ಜೊತೆಗೆ ದೊಡ್ಡ ನಿರ್ಮಾಣದ ನಟ. ವೈದ್ಯರ ಕಣ್ಣಳತೆಯಲ್ಲಿ ಇಳಿಸುವುದಾದರೂ ವಾರಕ್ಕೆ ಅರ್ಧದಿಂದ ಒಂದು ಕಿಲೊ ಮೀರಬಾರದು ಎನ್ನುವುದು ಸಾಮಾನ್ಯ ಮಿತಿ. ಅದಕ್ಕಿಂತ ವೇಗವಾಗಿ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ.

ರಂಗದ ಮೇಲೆ ಇದರ ಅಗತ್ಯವೇ ಇಲ್ಲ. ನಿಮ್ಮ ಅಳತೆಗಿಂತ ಎರಡು ಸೈಜ್ ದೊಡ್ಡ ಅಂಗಿ ಹಾಕಿ, ಕೊರಳು ಸಡಿಲವಾಗಿ ಕಾಣಲಿ. ಕೆನ್ನೆಮೂಳೆಯ ಕೆಳಗೆ, ಕಣ್ಣಿನ ಗುಳಿಗೆ, ಹಣೆಯ ಪಕ್ಕಕ್ಕೆ ಚರ್ಮದ ಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಬಣ್ಣ ಹಚ್ಚಿ ಅಂಚು ಕರಗಿಸಿ. ಬೆಳಕು ಮೇಲಿನಿಂದ ಬಿದ್ದರೆ ಮುಖ ಇನ್ನೂ ಇಳಿದಂತೆ ಕಾಣುತ್ತದೆ.

ಅಸಲು ಪಾಠ ತೂಕದಲ್ಲಿಲ್ಲ. ತಂದೆಯೊಂದು, ಮಗನೊಂದು ಬರೆದ ಎರಡು ಆತ್ಮಕಥನಗಳಿಂದ ಕಟ್ಟಿದ ಚಿತ್ರ ಅದು. ಹೋಟೆಲಿನಲ್ಲಿ ತಂದೆಯ ಪಾತ್ರದ ಸ್ಟೀವ್ ಕರೆಲ್ ಎದುರು ಕೂತು ಮಗ ಹಣ ಕೇಳುವ ದೃಶ್ಯ ನೋಡಿ. ಮೊದಲು ಪುಸಲಾವಣೆ, ಆಮೇಲೆ ಮುದ್ದು, ಅದೂ ನಡೆಯದಾಗ ತಂದೆಯ ಮೇಲೆಯೇ ಆರೋಪ. ವ್ಯಸನಿಯ ಪಾತ್ರ ಮಾಡುವ ಹವ್ಯಾಸಿಗಳು ನಡುಕ, ತೊದಲು, ತೂರಾಟ ಹಿಡಿದು ಕೂರುತ್ತಾರೆ. ಶಾಲಮೆ ಹಿಡಿದಿರುವುದು ಬೇಡಿಕೆಯನ್ನು: ಎದುರಿಗಿದ್ದವನಿಂದ ಏನೋ ಬೇಕು, ಅದಕ್ಕೆ ಯಾವ ಮುಖವಾದರೂ ಆದೀತು. ನಿಮ್ಮ ನಾಟಕದ ಪ್ರತಿ ದೃಶ್ಯದ ಪಕ್ಕ ‘ಈಗ ಯಾರಿಂದ ಏನು ಬೇಕು’ ಎಂದು ಒಂದೇ ಸಾಲು ಬರೆದುಕೊಳ್ಳಿ. ನಡುಕ ಆಮೇಲೆ, ಚಿಟಿಕೆಯಷ್ಟು.

ಪ್ರಶ್ನೆ: ಸಿನಿಮಾ ಹಿಂದುಮುಂದಾಗಿ ಚಿತ್ರೀಕರಿಸುತ್ತಾರಲ್ಲ, ಪಾತ್ರದ ಏರಿಳಿತ ನಟ ಹೇಗೆ ನೆನಪಿಡುತ್ತಾನೆ?

ಉತ್ತರ: ‘ಕಾಲ್ ಮಿ ಬೈ ಯುವರ್ ನೇಮ್’ ಮಟ್ಟಿಗೆ ಆ ಕಷ್ಟ ಕಡಿಮೆಯಿತ್ತು. ನಿರ್ದೇಶಕ ಲೂಕಾ ಗ್ವಾದನೀನೊ ಇಟಲಿಯ ಕ್ರೆಮಾ ಪಟ್ಟಣದಲ್ಲಿ ಬಹುಪಾಲು ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು. ಶಾಲಮೆ ಮೊದಲೇ ಅಲ್ಲಿಗೆ ಹೋಗಿ ಇಟಾಲಿಯನ್, ಪಿಯಾನೊ, ಗಿಟಾರ್ ಪಾಠ ಹೇಳಿಸಿಕೊಂಡಿದ್ದ. ಕ್ಯಾಮೆರಾ ತಿರುಗುವ ಹೊತ್ತಿಗೆ ಆ ಊರು ಆತನಿಗೆ ಹೊಸದಾಗಿರಲಿಲ್ಲ. ಆ ಮನೆಯ ಮೆಟ್ಟಿಲು, ಸೈಕಲ್ಲು, ಮೇಜಿನ ಬಳಿ ಆತ ನಡೆದುಕೊಳ್ಳುವ ರೀತಿಯಲ್ಲೇ ಇದು ಗೊತ್ತಾಗುತ್ತದೆ.

ಆದರೆ ಇಂಥ ಭಾಗ್ಯ ಅಪರೂಪ. ಒಂದು ಜಾಗಕ್ಕೆ ಸೇರಿದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುವುದು ಹೆಚ್ಚಿನ ಕಡೆ ರೂಢಿ. ಬೆಳಗ್ಗೆ ಆಸ್ಪತ್ರೆ, ಮಧ್ಯಾಹ್ನ ಅದಕ್ಕೆ ಮೂರು ವರ್ಷ ಹಿಂದಿನ ಹುಟ್ಟುಹಬ್ಬ. ಹಾಗಾಗಿ ನಟರು ಪಟ್ಟಿ ಮಾಡಿಕೊಳ್ಳುತ್ತಾರೆ. ಒಂದು ಹಾಳೆಯಲ್ಲಿ ದೃಶ್ಯದ ಸಂಖ್ಯೆ, ಕಥೆಯೊಳಗಿನ ದಿನ, ಹಿಂದಿನ ದೃಶ್ಯ ಎಲ್ಲಿ ಮುಗಿದಿತ್ತು, ನಿದ್ದೆ ಎಷ್ಟಾಗಿದೆ, ಮೈಮೇಲೆ ಯಾವ ಗಾಯ ಎಷ್ಟು ಹಳೆಯದು, ಯಾರ ಮೇಲೆ ಏನು ಮುನಿಸು. ಭಾವದ ತೀವ್ರತೆಗೆ ಒಂದರಿಂದ ಹತ್ತರವರೆಗೆ ಅಂಕ. ಈ ಅಂಕ ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಅದಿಲ್ಲದಿದ್ದರೆ ನಟ ಪ್ರತಿ ದೃಶ್ಯಕ್ಕೂ ಒಂಬತ್ತು ಕೊಟ್ಟುಬಿಡುತ್ತಾನೆ. ಕೊನೆಯ ದೃಶ್ಯಕ್ಕೆ ಏರಲು ಜಾಗವೇ ಉಳಿಯುವುದಿಲ್ಲ. ಕಿರುಚಿತ್ರಗಳಲ್ಲಿ ನಾವು ಕಾಣುವ ಅತಿ ಸಾಮಾನ್ಯ ದೋಷ ಇದೇ. ಸೆಟ್‌ನಲ್ಲಿ ಗುಂಡಿ ಎಷ್ಟು ಬಿಚ್ಚಿತ್ತು, ಲೋಟ ಯಾವ ಕೈಯಲ್ಲಿತ್ತು ಎಂಬುದನ್ನು ಬರೆದಿಡಲು ಬೇರೆ ಜನ ಇರುತ್ತಾರೆ. ಮುನಿಸಿನ ಲೆಕ್ಕ ನಟನದೇ.

ಪ್ರಶ್ನೆ: ಬಾಬ್ ಡಿಲನ್ ಪಾತ್ರದಲ್ಲಿ ನಿಜವಾಗಿ ಆತನೇ ಹಾಡಿದ್ದಾನಾ, ಅಥವಾ ತುಟಿ ಮಾತ್ರವಾ?

ಉತ್ತರ: ಆತನೇ ಹಾಡಿದ್ದಾನೆ, ಅದೂ ಸೆಟ್‌ನಲ್ಲಿ ಕ್ಯಾಮೆರಾ ಓಡುವಾಗಲೇ. ಗಿಟಾರ್, ಹಾರ್ಮೋನಿಕಾ ಕೂಡ ಆತನವೇ. ತಯಾರಿ ಐದು ವರ್ಷಕ್ಕೂ ಮಿಕ್ಕಿ ಎಳೆಯಿತು. ಮೊದಲು ಕೋವಿಡ್, ಆಮೇಲೆ 2023ರ ಹಾಲಿವುಡ್ ಮುಷ್ಕರ ಚಿತ್ರವನ್ನು ಮುಂದಕ್ಕೆ ತಳ್ಳಿದವು. ಆ ಬಿಡುವೆಲ್ಲ ಅಭ್ಯಾಸಕ್ಕೆ ಸಿಕ್ಕಿತು. ಕಥೆ ನಡೆಯುವುದು 1961ರಿಂದ 1965ರ ನ್ಯೂಪೋರ್ಟ್ ಜಾನಪದ ಉತ್ಸವದವರೆಗೆ, ಅಂದರೆ ಡಿಲನ್‌ಗೆ 19 ದಾಟಿ 24ರವರೆಗೆ.

ಇದರ ಕಷ್ಟ ಎಲ್ಲಿದೆ ಎಂದು ತಿಳಿಯಬೇಕಾದರೆ ಮೊದಲು ಸುಲಭದ ದಾರಿ ನೋಡಬೇಕು. ಸ್ಟುಡಿಯೋದಲ್ಲಿ ಹಾಡು ಮುದ್ರಿಸಿ, ಸೆಟ್‌ನಲ್ಲಿ ಅದನ್ನು ಹಾಕಿ, ನಟ ತುಟಿ ಸೇರಿಸುತ್ತಾನೆ. ತುಟಿ ಕೂಡಿದರೂ ಎದೆ ಕೂಡುವುದಿಲ್ಲ: ಉಸಿರು ಎಳೆಯುವ ಕ್ಷಣ, ಕುತ್ತಿಗೆಯ ನರ, ತಾರಸ್ಥಾಯಿಗೆ ಹೋಗುವಾಗಿನ ಗಲ್ಲದ ಬಿಗಿ, ಇವೆಲ್ಲ ಸುಳ್ಳು ಹೇಳುತ್ತವೆ. ನೇರ ಹಾಡಿದರೆ ಆ ತೊಂದರೆ ಇಲ್ಲ, ಬೇರೆ ತೊಂದರೆಗಳಿವೆ.

ಮೊದಲನೆಯದು ಲಯ. ಒಂಟಿ ಗಿಟಾರಿನೊಡನೆ ಹಾಡುವವನ ವೇಗ ಟೇಕ್‌ನಿಂದ ಟೇಕ್‌ಗೆ ಸ್ವಲ್ಪ ಬದಲಾಗುತ್ತದೆ. ಎರಡನೇ ಟೇಕ್‌ನ ಕ್ಲೋಸ್‌ಅಪ್ಪನ್ನು ನಾಲ್ಕನೇ ಟೇಕ್‌ನ ದೂರದ ಶಾಟ್‌ಗೆ ಅಂಟಿಸಲು ಹೋದರೆ ಬೆರಳು ಒಂದು ಕಡೆ, ದನಿ ಇನ್ನೊಂದು ಕಡೆ. ಅದಕ್ಕೇ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುತ್ತಾರೆ, ಶುರುವಿಗೆ ಮುನ್ನ ಕಿವಿಗೆ ನಾಲ್ಕೆಂಟು ತಾಳ ಕೇಳಿಸಿ ವೇಗ ಕಟ್ಟುತ್ತಾರೆ, ಕೊನೆಗೆ ಒಂದೇ ಟೇಕ್‌ನ ದನಿಯನ್ನು ಆಧಾರವಾಗಿಟ್ಟು ಸಂಕಲನ ಮಾಡುತ್ತಾರೆ.

ಎರಡನೆಯದು ಶ್ರುತಿ. ದೀಪಗಳ ಬಿಸಿಗೆ ತಂತಿ ಸಡಿಲಗೊಳ್ಳುತ್ತದೆ, ಪ್ರತಿ ಟೇಕ್‌ಗೂ ಮತ್ತೆ ಶ್ರುತಿ ಸರಿಮಾಡಬೇಕು. ಹಾರ್ಮೋನಿಕಾದ ಶ್ರುತಿ ಬದಲಾಯಿಸಲಾಗದು, ಒಂದೊಂದು ಶ್ರುತಿಗೆ ಒಂದೊಂದು ವಾದ್ಯ. ಗಿಟಾರಿನ ಎರಡನೇ ಮನೆಯಲ್ಲಿ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ‘ಜಿ’ ಆಕಾರದ ಕಾರ್ಡ್ ಹಿಡಿದರೆ ಹೊರಡುವುದು ‘ಎ’. ಕೊರಳ ಚೌಕಟ್ಟಿನಲ್ಲಿ ‘ಎ’ ಹಾರ್ಮೋನಿಕಾ ಇರಬೇಕು. ಊಟದ ಬಿಡುವಿನಲ್ಲಿ ಯಾರೋ ಕ್ಯಾಪೊ ತೆಗೆದು ಮೂರನೇ ಮನೆಗೆ ಹಾಕಿದರೆ ಆ ಟೇಕ್ ಹೋದಂತೆ.

ಅನುಕರಣೆಯ ಬಲೆ ಬೇರೆ ಇದೆ. ಡಿಲನ್ ದನಿ ಮೂಗಿನದು, ಅದನ್ನು ಅಣಕಿಸುವುದು ಯಾರಿಗೂ ಬರುತ್ತದೆ. ಎರಡು ಗಂಟೆ ಅಣಕ ಕೇಳಲು ಯಾರಿಂದಲೂ ಆಗದು. ಶಾಲಮೆ ಪದಗಳನ್ನು ಎಳೆಯುವ, ಸಾಲಿನ ಕೊನೆಯನ್ನು ಬಿಟ್ಟುಕೊಡುವ ರೀತಿ ಹಿಡಿದಿದ್ದಾನೆ, ಮೂಗನ್ನು ಅರ್ಧಕ್ಕೆ ನಿಲ್ಲಿಸಿದ್ದಾನೆ. ಅದು ಸರಿಯಾದ ತೀರ್ಮಾನ ಎಂದೇ ನಮ್ಮ ಎಣಿಕೆ. ಹಾಡದಿರುವಾಗ ಆತ ಬೇರೆಯವರ ಹಾಡು ಕೇಳುವ ದೃಶ್ಯಗಳು ಇನ್ನೂ ಚೆನ್ನಾಗಿವೆ. ಕಿವಿಗೊಟ್ಟಿದ್ದಾನೋ ಕದಿಯುತ್ತಿದ್ದಾನೋ ತಿಳಿಯುವುದಿಲ್ಲ.

ಪ್ರಶ್ನೆ: ‘ದಿ ಕಿಂಗ್’ ಚಿತ್ರದ ಯುದ್ಧದ ಭಾಷಣ ನನಗೆ ಸಪ್ಪೆ ಅನ್ನಿಸಿತು. ನನ್ನ ತಪ್ಪೇ?

ಉತ್ತರ: ಅಲ್ಲ. 2019ರ ಆ ಚಿತ್ರದಲ್ಲಿ ಆತ ಇಂಗ್ಲೆಂಡಿನ ಐದನೇ ಹೆನ್ರಿ. 1415ರ ಅಜಿನ್‌ಕೋರ್ ಕದನಕ್ಕೆ ಮುನ್ನ ಸೈನಿಕರನ್ನು ಹುರಿದುಂಬಿಸುವ ಮಾತು ಅದು. ಆತನ ದನಿ ಮಧ್ಯಮ ಸ್ಥಾಯಿಯಲ್ಲಿ ಸೊಗಸು, ಕೂಗಿಗೆ ಏರಿದಾಗ ತೆಳ್ಳಗಾಗುತ್ತದೆ. ಕೂಗಿನ ಬಲ ಗಂಟಲಿನದಲ್ಲ, ಹೊಟ್ಟೆಯ ಉಸಿರಿನದು. ಉಸಿರು ಮುಗಿದ ಮೇಲೂ ಪದ ಉಳಿದರೆ ಗಂಟಲು ಹಿಂಡಿ ಮುಗಿಸಬೇಕಾಗುತ್ತದೆ, ಕೇಳುವವರಿಗೆ ಅದು ಕಿರುಚಿದಂತೆ ಕೇಳುತ್ತದೆ. 2024ರ ‘ಡ್ಯೂನ್’ ಎರಡನೇ ಭಾಗದ ಸಭೆಯ ದೃಶ್ಯದೊಡನೆ ಹೋಲಿಸಿ: ಅಲ್ಲಿ ಮಾತಿನ ನಡುವೆ ನಿಲುಗಡೆ ಇದೆ, ದನಿ ಕೆಳಗಿಳಿದು ಮೇಲೇರುತ್ತದೆ. ಅದೂ ಕಥೆಗಾಗಿಯೇ ಕಟ್ಟಿದ ಭಾಷೆಯಲ್ಲಿ!

ಆದರೆ ‘ದಿ ಕಿಂಗ್’ನ ಕವಚದ ಕಾದಾಟಗಳನ್ನು ಬಿಡಬೇಡಿ. ಅಂದಿನ ಪೂರ್ಣ ಲೋಹಕವಚ 15ರಿಂದ 25 ಕಿಲೊ ತೂಗುತ್ತಿತ್ತು. ಅಷ್ಟು ಹೊತ್ತವರು ಬೇಗ ಏದುಸಿರು ಬಿಡುತ್ತಾರೆ, ಕೆಸರಲ್ಲಿ ಜಾರುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇಲ್ಲಿ ಕತ್ತಿವರಸೆಯ ಚಂದವಿಲ್ಲ, ದಣಿವಿದೆ. ಆತನ ತೆಳ್ಳನೆಯ ಮೈ ಇಲ್ಲಿ ಲಾಭವೇ ಆಗಿದೆ.

ಪ್ರಶ್ನೆ: ಮಗಳಿಗೆ ಹದಿಮೂರು. ಈತನ ಅಭಿಮಾನಿ. ಯಾವುದನ್ನು ತೋರಿಸಬಹುದು?

ಉತ್ತರ: ‘ಲಿಟಲ್ ವಿಮೆನ್’ (2019), ‘ವೊಂಕಾ’ (2023) ಎರಡಕ್ಕೂ ಅಮೆರಿಕದಲ್ಲಿ ಪಿಜಿ (ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ) ದರ್ಜೆ, ಧೈರ್ಯವಾಗಿ ತೋರಿಸಿ. ‘ಡ್ಯೂನ್’ ಎರಡೂ ಭಾಗ ಪಿಜಿ-13, ನೀವೂ ಜೊತೆಗೆ ಕೂತರೆ ಒಳ್ಳೆಯದು. ಮೇಲೆ ಚರ್ಚಿಸಿದ ಉಳಿದವು ಆರ್ ದರ್ಜೆಯವು, ಅಂದರೆ ದೊಡ್ಡವರಿಗಾಗಿ ಮಾಡಿದವು, ಸದ್ಯಕ್ಕೆ ಬೇಡ. 2022ರ ‘ಬೋನ್ಸ್ ಅಂಡ್ ಆಲ್’ ಪ್ರೇಮಕಥೆ ಎಂದು ಯಾರಾದರೂ ಹೇಳಿದರೆ ನಂಬಿ ಹಾಕಬೇಡಿ. ಅದರಲ್ಲಿ ನರಭಕ್ಷಣೆ ಇದೆ.

ಪ್ರಶ್ನೆ: ಆಡಿಷನ್‌ಗೆ ಮನೆಯಲ್ಲೇ ವಿಡಿಯೊ ಮಾಡಿ ಕಳಿಸಬೇಕಿದೆ. ಶಾಲಮೆಯ ಯಾವುದಾದರೂ ಅಳುವ ದೃಶ್ಯ ಮಾಡಲೇ?

ಉತ್ತರ: ಬೇಡ. ಆಯ್ಕೆ ಮಾಡುವವರ ತಲೆಯಲ್ಲಿ ಮೂಲದ ದೃಶ್ಯವೇ ಓಡುತ್ತದೆ, ನೀವು ಸೋತಿರುತ್ತೀರಿ. ಅವರೇ ಕಳಿಸಿದ ದೃಶ್ಯವಿದ್ದರೆ ಅದು, ಇಲ್ಲದಿದ್ದರೆ ಯಾರಿಂದಲೋ ಏನನ್ನೋ ಪಡೆಯಲು ಹೆಣಗುವ ಒಂದೂವರೆ ನಿಮಿಷದ ಮಾತು ಆರಿಸಿ. ಅಳು, ಚೀರಾಟದ ಭಾಗವನ್ನೇ ಕತ್ತರಿಸಿ ಕಳಿಸುವವರು ಬಹಳ. ಅಲ್ಲಿಗೆ ಹೇಗೆ ತಲುಪಿದಿರಿ ಎಂಬುದು ನೋಡುವವರಿಗೆ ಬೇಕಿರುವುದು. 2016ರ ‘ಮಿಸ್ ಸ್ಟೀವನ್ಸ್’ ಚಿತ್ರದಲ್ಲಿ ಶಾಲೆಯ ನಾಟಕ ಸ್ಪರ್ಧೆಯಲ್ಲಿ ಆತ ಒಂದು ಸ್ವಗತ ಒಪ್ಪಿಸುತ್ತಾನೆ. ನಕಲಿಗಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂದು ತಿಳಿಯಲು ನೋಡಿ.

ಫೋನ್ ಅಡ್ಡ ಹಿಡಿದು ಸ್ಟ್ಯಾಂಡಿಗೆ ಹಾಕಿ, ಲೆನ್ಸ್ ನಿಮ್ಮ ಕಣ್ಣಿನ ಮಟ್ಟಕ್ಕಿರಲಿ, ದೂರ ಸುಮಾರು ಒಂದೂವರೆ ಮೀಟರ್. ಚೌಕಟ್ಟು ಎದೆಯಿಂದ ತಲೆಯ ಸ್ವಲ್ಪ ಮೇಲಿನವರೆಗೆ. ಹಿಂದೆ ಬೂದು ಅಥವಾ ತಿಳಿನೀಲಿ ಬಣ್ಣದ ಖಾಲಿ ಗೋಡೆ, ಅದರಿಂದ ಒಂದು ಮೀಟರ್ ಮುಂದೆ ನಿಲ್ಲಿ, ನೆರಳು ಬೀಳುವುದಿಲ್ಲ. ಕಿಟಕಿ ನಿಮ್ಮ ಮುಂದೆ ಓರೆಯಾಗಿರಲಿ. ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಎದುರು ಪಾತ್ರದ ಮಾತು ಓದುವವರು ಲೆನ್ಸಿಗೆ ಒತ್ತಿ ಪಕ್ಕದಲ್ಲೇ ನಿಂತು ತಗ್ಗಿದ ದನಿಯಲ್ಲಿ ಓದಬೇಕು. ಅವರು ಫೋನಿನ ಹತ್ತಿರ ಇರುವುದರಿಂದ ಗಟ್ಟಿಯಾಗಿ ಓದಿದರೆ ನಿಮ್ಮ ದನಿ ಮುಳುಗುತ್ತದೆ. ನೀವು ನೋಡಬೇಕಾದ್ದು ಅವರ ಕಣ್ಣನ್ನು, ಲೆನ್ಸನ್ನಲ್ಲ. ಖಾಲಿ ಕೋಣೆ ಗುಂಯ್‌ಗುಡುತ್ತದೆ, ಫೋನಿನ ಹಿಂದೆ ಒಂದು ದಪ್ಪ ಹೊದಿಕೆ ನೇತುಹಾಕಿ. ಎರಡು ಟೇಕ್ ಕಳಿಸುವುದಾದರೆ ಎರಡೂ ನಿಜವಾಗಿ ಬೇರೆಬೇರೆ ಇರಲಿ.

ಎದುರಿನವರು ಮಾತಾಡುವಾಗ ನಿಮ್ಮ ಮುಖದಲ್ಲಿ ಏನಾಗುತ್ತಿದೆ ಎಂದು ದನಿ ಆರಿಸಿ ಒಮ್ಮೆ ನೋಡಿ. ನಿಮ್ಮ ಸರದಿಗೆ ಕಾಯುತ್ತಿರುವಂತೆ ಕಂಡರೆ ಮತ್ತೊಂದು ಟೇಕ್ ತೆಗೆಯಿರಿ.

ಪ್ರಶ್ನೆ: ಆಸ್ಕರ್ ಯಾಕೆ ಸಿಗಲಿಲ್ಲ?

ಉತ್ತರ: 2018ರಲ್ಲಿ 22 ವರ್ಷದವನಾಗಿದ್ದಾಗ ಗ್ಯಾರಿ ಓಲ್ಡ್‌ಮನ್‌ಗೆ ಹೋಯಿತು, 2025ರಲ್ಲಿ ಏಡ್ರಿಯನ್ ಬ್ರೋಡಿಗೆ. ಆದರೆ 2025ರಲ್ಲೇ ನಟರ ಸಂಘವಾದ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್‌ನ ಪ್ರಶಸ್ತಿ ಡಿಲನ್ ಪಾತ್ರಕ್ಕೆ ಬಂತು. ಅಲ್ಲಿ ಮತ ಹಾಕುವವರಲ್ಲಿ ಹೆಚ್ಚಿನವರು ನಟರು.

ಪ್ರಶ್ನೆ: ರಂಗಭೂಮಿಯಲ್ಲಿ ದುಡಿದಿದ್ದಾನೆಯೇ?

ಉತ್ತರ: ಹೌದು. ನ್ಯೂಯಾರ್ಕಿನ ಲಗಾರ್ಡಿಯಾ ಕಲಾಶಾಲೆಯಲ್ಲಿ ಓದಿದವನು. 2016ರಲ್ಲಿ ಮ್ಯಾನ್‌ಹಟನ್ ಥಿಯೇಟರ್ ಕ್ಲಬ್‌ನ ‘ಪ್ರಾಡಿಗಲ್ ಸನ್’ ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದ. ಕ್ರೆಮಾದ ಚಿತ್ರೀಕರಣ ನಡೆದದ್ದೂ ಅದೇ ವರ್ಷ.